ಆದೇಶದ ಮೇರೆಗೆ ಫುಟ್‌ಬಾಲ್

ಸರ್ಕಾರಿ ಕಚೇರಿಯ ಸಭೆಯಲ್ಲಿ ಕೈ ಎತ್ತಬಾರದು. ತಲೆ ಕೆರೆದುಕೊಳ್ಳಲು ಕೂಡ ಎತ್ತಬಾರದು. ಇಷ್ಟು ವರ್ಷ ಸರ್ವಿಸ್ ಆಗಿದ್ದರೂ ದ್ವಿತೀಯ ದರ್ಜೆ ಸಹಾಯಕ ಶಿವಕಿರಣನಿಗೆ ಈ ಬುದ್ಧಿ ಬಂದಿರಲಿಲ್ಲ. "ಫುಟ್‌ಬಾಲ್ ಗೊತ್ತಿರೋರು ಯಾರಾದ್ರೂ ಇದೀರೇನ್ರೀ?" ಎಂದು ಸಾಹೇಬರು ಕೇಳಿದಾಗ ಕಾಲೇಜಿನ ದಿನಗಳು ತಲೆಗೇರಿ ಕೈ ತಾನಾಗಿ ಮೇಲೆ ಹೋಯಿತು. ಕೆಳಗಿಳಿಯುವಷ್ಟರಲ್ಲಿ ಅವನು ಇಲಾಖೆಯ ತಂಡದ ಕೋಚ್ ಆಗಿದ್ದ.

ಇಲಾಖೆಯ ಹೆಸರು ಬೇಡ. ರಸ್ತೆ ಅಗೆಯುವುದು, ಮುಚ್ಚುವುದು, ಮುಚ್ಚಿದ್ದನ್ನು ಮತ್ತೆ ಅಗೆಯುವುದು ಅದರ ಕಸುಬು. ವರ್ಷಕ್ಕೊಮ್ಮೆ ಮೈಸೂರಿನ ಹಿನಕಲ್ಲಿನ ಮೈದಾನದಲ್ಲಿ ಈ ಇಲಾಖೆಗೂ ಗುತ್ತಿಗೆದಾರರ ಸಂಘಕ್ಕೂ ಫುಟ್‌ಬಾಲ್ ಪಂದ್ಯ ನಡೆಯುತ್ತದೆ. ಬೆಂಗಳೂರಿನಿಂದ ನಿರ್ದೇಶಕರೇ ಬಂದು ಕೂರುತ್ತಾರೆ. ಹೋದ ವರ್ಷ ಅವರು ನಕ್ಕಿದ್ದರು. ಮದುವೆ ಮನೆಯ ಬಫೆಯಲ್ಲಿ ತುಪ್ಪದ ಹೋಳಿಗೆ ಬಂದ ಮೂಲೆಗೆ ಜನ ನುಗ್ಗುವ ಹಾಗೆ ಇಲಾಖೆಯ ಹನ್ನೊಂದು ಮಂದಿಯೂ ಚೆಂಡು ಹೋದಲ್ಲಿಗೆ ನುಗ್ಗಿ, ಒಬ್ಬರ ಕಾಲನ್ನೊಬ್ಬರು ಒದ್ದು, ಚೆಂಡೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲಕ್ಕೂ ಗಾಯ ಮಾಡಿದ್ದರು. ಆ ನಗು ಸಾಹೇಬರಾದ ಸಿದ್ದಲಿಂಗಸ್ವಾಮಿಯವರ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು.

ಪಂದ್ಯದ ದಿನ ಬೆಳಿಗ್ಗೆ ಅವರು ಶಿವಕಿರಣನನ್ನು ಚೇಂಬರಿಗೆ ಕರೆದರು. ಮೇಜಿನ ಮೇಲೆ ಅವನ ವರ್ಗಾವಣೆಯ ಕಡತ ಇತ್ತು. ಅವನ ಹೆಂಡತಿ ನಿಶ್ಚಿತಾ ಇದೇ ಇಲಾಖೆಯ ಚಿತ್ರದುರ್ಗದ ಕಚೇರಿಯಲ್ಲಿದ್ದಳು. ಮದುವೆಯಾಗಿ ಎರಡು ವರ್ಷ, ಜೊತೆಗಿದ್ದದ್ದು ಎರಡನೇ ಶನಿವಾರಗಳಲ್ಲಿ ಮಾತ್ರ. ಪತಿ-ಪತ್ನಿ ಪ್ರಕರಣವೆಂದು ಅಲ್ಲಿಗೇ ವರ್ಗ ಕೇಳಿ ಅರ್ಜಿ ಹಾಕಿದ್ದ. ಆ ಕಡತ ಸಾಹೇಬರ ಮೇಜಿಗೆ ಬಂದು ಮೊಟ್ಟೆಯ ಮೇಲೆ ಕೂತ ಕೋಳಿಯ ಹಾಗೆ ಕೂತುಬಿಟ್ಟಿತ್ತು.

"ನೋಡಪ್ಪ, ಗೆಲ್ಲಿಸು. ಸಾಯಂಕಾಲ ಮೈದಾನದಲ್ಲೇ ಸೈನ್ ಹಾಕ್ತೀನಿ" ಎಂದರು ಸಾಹೇಬರು. "ನಮ್ ಟೀಮಿಗೊಂದು ಆಕಾರ ಬೇಕು. ಒಬ್ಬೊಬ್ಬನಿಗೂ ಒಂದೊಂದು ಜಾಗ ಅಂತ ಇರಬೇಕು. ನೋಡಿದ ತಕ್ಷಣ ಇದು ನಮ್ ಇಲಾಖೆ ಕಣಯ್ಯ ಅಂತ ಜನ ಗುರುತು ಹಿಡೀಬೇಕು."

ಶಿವಕಿರಣ ಸಭಾಂಗಣದ ಬೋರ್ಡಿನ ಮೇಲೆ ನಾಲ್ಕು-ನಾಲ್ಕು-ಎರಡು ಬರೆದ. ಹಿಂದೆ ನಾಲ್ವರು, ನಡುವೆ ನಾಲ್ವರು, ಮುಂದೆ ಇಬ್ಬರು. ಚೆಂದದ, ಹಳೆಯ, ಯಾರಿಗಾದರೂ ಅರ್ಥವಾಗುವ ವ್ಯೂಹ. ತನ್ನ ಹೆಸರು ಹಿಂದಿನ ಸಾಲಿನಲ್ಲಿರುವುದನ್ನು ಕಂಡು ಸೂಪರಿಂಟೆಂಡೆಂಟ್ ಸುಂದರೇಶ ಕುರ್ಚಿ ತಳ್ಳಿ ಎದ್ದ.

"ಏನ್ರೀ ಇದು ಶಿವಕಿರಣ್? ಹೋದ ತಿಂಗಳು ಸೇರ್ಕೊಂಡ ಟೈಪಿಸ್ಟು ಮುಂದೆ, ನಾನು ಹಿಂದೆ?"

"ಸಾರ್, ಅವನು ಚೆನ್ನಾಗಿ ಓಡ್ತಾನೆ."

"ಓಡೋದು ಬಿಡೋದು ಆಮೇಲೆ. ನನಗಿಂತ ಮುಂದೆ ಓಡ್ತಾನೆ ಅಂದ್ರೆ ಏನರ್ಥ ರೀ?"

ಪಂಕ್ತಿಯಲ್ಲಿ ಯಾರು ಮೊದಲು, ಯಾರು ಆಮೇಲೆ, ಯಾರು ಜಗಲಿಯಾಚೆ ಎಂದು ಸಾವಿರ ವರ್ಷ ಲೆಕ್ಕ ತಪ್ಪದೆ ನಡೆಸಿಕೊಂಡು ಬಂದ ನಾಡು ಇದು. ಇಲ್ಲಿ ಒಬ್ಬನಿಗೆ 'ನೀನು ಹಿಂದಿನ ಸಾಲು' ಎಂದರೆ ಅದು ಆಟದ ಮಾತಾಗಿ ಉಳಿಯುವುದಿಲ್ಲ. ಸುಂದರೇಶನ ಅಜ್ಜ ಅರಮನೆಯಲ್ಲಿ ಗುಮಾಸ್ತನಾಗಿದ್ದವನು. ಅರಮನೆ ಮ್ಯೂಸಿಯಂ ಆಯಿತು, ಅಜ್ಜ ಫೋಟೋ ಆದ, ಮುಂದಿನ ಸಾಲಿನ ಹಕ್ಕು ಮಾತ್ರ ಮೊಮ್ಮಗನಲ್ಲಿ ಜೀವಂತವಾಗಿತ್ತು.

ಸಿಬ್ಬಂದಿ ವಿಭಾಗದ ಪ್ರೇಮಲೀಲಾ ಮೇಡಂ ಕನ್ನಡಕ ಏರಿಸಿ ಜ್ಯೇಷ್ಠತಾ ಪಟ್ಟಿಯನ್ನೇ ತಂದರು. "ನೋಡಪ್ಪ, ನೀನು ಹೀಗೆ ಮನಸ್ಸಿಗೆ ಬಂದ ಹಾಗೆ ನಿಲ್ಲಿಸಿದ್ರೆ ನಾಳೆ ಯಾರಾದ್ರೂ ಕೋರ್ಟಿಗೆ ಹೋಗ್ತಾರೆ. ಸೀನಿಯಾರಿಟಿ ಪ್ರಕಾರ ಮುಂದಿನಿಂದ ತುಂಬ್ಕೊಂಡು ಬಾ."

ಹಾಗೆಯೇ ಆಯಿತು. ಮಂಡಿ ನೋವಿನ ಸುಂದರೇಶ ಮತ್ತು ಈ ತಿಂಗಳು ನಿವೃತ್ತಿಯಾಗುವ ಲೆಕ್ಕಾಧಿಕಾರಿ ಮುಂದಿನ ಸಾಲಿಗೆ ಬಂದರು. ಓಡಬಲ್ಲ ಟೈಪಿಸ್ಟ್ ಹಿಂದಕ್ಕೆ ಹೋದ. ಪಟ್ಟಿಯ ತೀರಾ ಕೆಳಗಿದ್ದ ಅಟೆಂಡರ್ ರಾಮಯ್ಯ ಗೋಲ್‌ಕೀಪರ್ ಆದ.

"ನಂಗೆ ಅಲ್ಲೇನು ಕೆಲ್ಸ ಸಾಮಿ?" ಎಂದ ರಾಮಯ್ಯ.

"ಯಾರೂ ಒಳಗೆ ಹೋಗದ ಹಾಗೆ ನೋಡ್ಕೋಬೇಕು."

"ಅಂಗಂದ್ರೆ ಸಾಹೇಬ್ರ ಚೇಂಬರ್ ಬಾಗ್ಲಲ್ಲಿ ಕೂತಂಗೇ ಅನ್ನಿ. ಸ್ಟೂಲು ತಕ್ಕೊಂಬತ್ತೀನಿ."

ಊಟಕ್ಕೆ ಮುಂಚೆ ಕಚೇರಿಯ ಹಿತ್ತಲಲ್ಲಿ ಒಂದು ತಾಲೀಮು ನಡೆಯಿತು. ಅಲ್ಲಿ ಹೊಸ ತಕರಾರು. ಒಂದು ಕಡೆಗೆ ಮುಖ ಮಾಡಿ ನಿಂತರೆ ಚಾಮುಂಡಿ ಬೆಟ್ಟಕ್ಕೆ ಬೆನ್ನಾಗುತ್ತದೆ! "ತಾಯಿಗೆ ಬೆನ್ನು ತೋರಿಸಿ ಆಡೋಕೆ ನಮ್ಮ ಕೈಲಾಗಲ್ಲ" ಎಂದು ಅರ್ಧ ತಂಡ ಉಲ್ಟಾ ತಿರುಗಿ, ತನ್ನದೇ ಗೋಲಿಗೆ ಮುಖ ಮಾಡಿ ನಿಂತಿತು. ಅಷ್ಟರಲ್ಲಿ ಯಾರೋ ಚೆಂಡು ಒದ್ದರು. ವ್ಯೂಹ, ಜ್ಯೇಷ್ಠತೆ, ಭಕ್ತಿ ಎಲ್ಲವನ್ನೂ ಬಿಟ್ಟು ಹನ್ನೊಂದು ಮಂದಿಯೂ ಅದರ ಹಿಂದೆ ಓಡಿದರು. ಟೀ ಕುಡಿಯುತ್ತಿದ್ದ ಡ್ರೈವರುಗಳೂ ಓಡಿದರು.

ಶಿವಕಿರಣ ಸ್ಟೋರ್ ರೂಮಿನ ಮೆಟ್ಟಿಲ ಮೇಲೆ ಕುಸಿದ. ಕಣ್ಣ ಮುಂದೆ ಚಿತ್ರದುರ್ಗ ದೂರ ದೂರ ಹೋಗುತ್ತಿತ್ತು. ಆಗ ಅವನಿಗೊಂದು ವಿಚಾರ ಹೊಳೆಯಿತು. ಈ ಜನ ಅಪ್ಪನ ಮಾತು ಕೇಳುವುದಿಲ್ಲ, ಹೆಂಡತಿಯ ಮಾತು ಕೇಳುವುದಿಲ್ಲ, ಜನರ ಗೋಳಂತೂ ಕೇಳುವುದೇ ಇಲ್ಲ. ಇವರು ಕೇಳುವುದು ಮೊಹರು ಬಿದ್ದ ಕಾಗದದ ಮಾತು ಒಂದನ್ನೇ.

ಅವನು ಹೇಳುತ್ತಾ ಹೋದ, ಪ್ರೇಮಲೀಲಾ ಮೇಡಂ ಬರೆದರು, ಸಾಹೇಬರು ಸಹಿ ಹಾಕಿದರು. ಕಚೇರಿ ಆದೇಶ: 'ಪ್ರತಿಯೊಬ್ಬ ಆಟಗಾರರೂ ತಮಗೆ ನಿಗದಿಪಡಿಸಿದ ಸ್ಥಾನದಲ್ಲಿಯೇ ಕಾರ್ಯನಿರ್ವಹಿಸತಕ್ಕದ್ದು. ಮೇಲಧಿಕಾರಿಗಳ ಲಿಖಿತ ಅನುಮತಿಯಿಲ್ಲದೆ ಸ್ಥಾನ ಬಿಟ್ಟು ಕದಲತಕ್ಕದ್ದಲ್ಲ. ತಪ್ಪಿದಲ್ಲಿ ಶಿಸ್ತು ಕ್ರಮ ಜರುಗಿಸಲಾಗುವುದು.'

ಹನ್ನೊಂದು ಮಂದಿಯೂ ಓದಿ, ಸಹಿ ಮಾಡಿ, ಗಂಭೀರರಾದರು. ಶಿವಕಿರಣ ನಿಶ್ಚಿತಾಳಿಗೆ ಫೋನ್ ಮಾಡಿ, "ಬಾಡಿಗೆಗೆ ದೊಡ್ಡ ಮನೆ ನೋಡ್ಕೋ ಕಣೇ" ಎಂದ.

ಪಂದ್ಯ ಶುರುವಾಯಿತು. ಶಾಮಿಯಾನದ ಕೆಳಗೆ ನಿರ್ದೇಶಕರು ಕಡಲೆಬೀಜ ತಿನ್ನುತ್ತಾ ಕೂತಿದ್ದರು. ಇಲಾಖೆಯ ತಂಡ ನಾಲ್ಕು-ನಾಲ್ಕು-ಎರಡರಲ್ಲಿ ರಂಗೋಲಿಯ ಚುಕ್ಕಿ ಇಟ್ಟ ಹಾಗೆ ನಿಂತಿತ್ತು. ರೆಫರಿ ಸೀಟಿ ಊದಿದ. ಚುಕ್ಕಿಗಳು ಕದಲಲಿಲ್ಲ.

ಚೆಂಡು ನಡುಸಾಲಿನ ಇಬ್ಬರ ಮಧ್ಯೆ ಉರುಳಿ ಬಂದು ನಿಂತಿತು. ಇಬ್ಬರೂ ಅದನ್ನು ನೋಡಿದರು.

"ಒದೀರಿ ಸಾರ್!" ಎಂದು ಶಿವಕಿರಣ ಗೆರೆಯಾಚೆಯಿಂದ ಕಿರುಚಿದ.

"ಇದು ನನ್ನ ಟೇಬಲ್ಲಿಗೆ ಬರಲ್ಲ ಕಣಪ್ಪ" ಎಂದ ಒಬ್ಬ.

"ನಂದೂ ಅಲ್ಲ. ಪಕ್ಕದ ಸೆಕ್ಷನ್ ವಿಚಾರಿಸಿ" ಎಂದ ಇನ್ನೊಬ್ಬ.

ನೋಡಲು ಬಂದಿದ್ದ ಹಿನಕಲ್ಲಿನ ಜನ ಇದನ್ನು ಕೇಳಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಅವ್ರೇ ಕಣ್ರೋ ಅವ್ರೇ! ನಮ್ ಮೋರಿ ಅರ್ಜಿ ತಕ್ಕೊಂಡು ಹೋದಾಗ ಇಂಗೇ ಅಂದಿದ್ರು!" ಎಂದು ಮುದುಕನೊಬ್ಬ ಕೂಗಿದ. ಇಲಾಖೆಯ ಗುರುತು ಜನರಿಗೆ ಸಿಕ್ಕಿಬಿಟ್ಟಿತ್ತು. ಸಾಹೇಬರು ಹೆಮ್ಮೆಯಿಂದ ಮೀಸೆ ನೀವಿಕೊಂಡರು.

ವಿಚಿತ್ರವೆಂದರೆ, ಗುತ್ತಿಗೆದಾರರೂ ಗೋಲು ಹೊಡೆಯುತ್ತಿರಲಿಲ್ಲ. ಒಮ್ಮೆ ಅವರಲ್ಲೊಬ್ಬ ಎಡವಿ, ಚೆಂಡು ರಾಮಯ್ಯನ ಗೋಲಿನ ಕಡೆಗೆ ತಾನಾಗಿ ಉರುಳಿತು. ರಾಮಯ್ಯ ಸ್ಟೂಲಿನ ಮೇಲೆ ಕೂತು, "ಯಾರು ಬೇಕಾಗಿತ್ತು?" ಎನ್ನುವ ಮುಖದಲ್ಲಿ ಅದನ್ನು ನೋಡಿದ. ಗುತ್ತಿಗೆದಾರರ ನಾಯಕ ಕರಿಬಸವಯ್ಯ ಏದುಸಿರು ಬಿಡುತ್ತಾ ಅಟ್ಟಿಸಿಕೊಂಡು ಬಂದು, ಗೆರೆ ದಾಟುವ ಮುಂಚೆ ಚೆಂಡಿನ ಮೇಲೆ ಅಡ್ಡಬಿದ್ದು ಇಲಾಖೆಯ ಮಾನ ಉಳಿಸಿದ.

ಅರ್ಧ ಪಂದ್ಯ ಮುಗಿದಾಗ ಅವನು ಶಿವಕಿರಣನನ್ನು ಪಕ್ಕಕ್ಕೆ ಎಳೆದುಕೊಂಡು ಹೋದ. ಕಣ್ಣಲ್ಲಿ ನೀರಿತ್ತು.

"ಏನ್ ಸ್ವಾಮಿ ನಿಮ್ಮೋರು? ನಾಡಿದ್ದು ರಿಂಗ್ ರೋಡ್ ಟೆಂಡರ್ ಓಪನ್ನು. ನಾವು ಗೆದ್ಬುಟ್ರೆ ನಮ್ ಕಥೆ ಮುಗೀತು. ಸೋಲ್ಬೇಕು ಅಂತಾನೇ ಮನೆದೇವ್ರಿಗೆ ಕಾಯಿ ಒಡೆದು ಬಂದಿದೀವಿ. ಕಾಲ ಹತ್ರ ತಂದು ಇಟ್ರೂ ಒದೆಯಲ್ಲ ಅಂದ್ರೆ ಎಂಗೆ ಸೋಲೋದು ಹೇಳಿ?"

ಶಿವಕಿರಣನಿಗೆ ಹೋದ ಜೀವ ಬಂದಂತಾಯಿತು. "ಮುಂದೆ ಸುಂದರೇಶ್ ಸಾರ್ ಇದಾರೆ ನೋಡಿ, ಅವರ ಕಾಲಿಗೇ ಕೊಡಿ. ಗೋಲು ಎದುರಿಗೇ ಇದೆ."

ಕರಿಬಸವಯ್ಯ ಹಾಗೆಯೇ ಮಾಡಿದ. ಚೆಂಡನ್ನು ಎರಡೂ ಕಾಲುಗಳ ನಡುವೆ ಕೂಸಿನ ಹಾಗೆ ನಡೆಸಿಕೊಂಡು ಬಂದು ಸುಂದರೇಶನ ಬಲಗಾಲ ಬಳಿ ಇಟ್ಟ. ಗುತ್ತಿಗೆದಾರರ ಗೋಲ್‌ಕೀಪರ್, ಬೀಗರನ್ನು ಬರಮಾಡಿಕೊಳ್ಳುವ ಮನೆಯ ಯಜಮಾನನ ಹಾಗೆ, ಕೈಮುಗಿದು ಪಕ್ಕಕ್ಕೆ ಸರಿದು ನಿಂತ.

"ಒದೀರಿ ಸಾರ್, ತಮ್ಮ ಪಾದದ ಹತ್ರನೇ ಇದೆ" ಎಂದ ಕರಿಬಸವಯ್ಯ.

ಸುಂದರೇಶ ಚೆಂಡನ್ನು ಕೆಳಗಣ್ಣಿಂದ ನೋಡಿದ. "ನೇರವಾಗಿ ನನ್ನ ಹತ್ರ ತಂದ್ರೆ ಹೆಂಗ್ರೀ? ಕ್ರಮ ಅಂತ ಒಂದಿದೆ. ಮೊದಲು ಹಿಂದಿನ ಸಾಲಿನವರು ನೋಡಬೇಕು, ಅವರು ನಡುಸಾಲಿಗೆ ಕಳಿಸಬೇಕು, ಅಲ್ಲಿಂದ ನನಗೆ ಮಂಡಿಸಬೇಕು. ಥ್ರೂ ಪ್ರಾಪರ್ ಚಾನೆಲ್ ಬನ್ನಿ."

ಕರಿಬಸವಯ್ಯ ಚೆಂಡು ಹೊತ್ತ. ಇಂಥ ಮಾತು ಕೇಳಿ ಕೇಳಿ ಅವನ ಕೂದಲು ಬೆಳ್ಳಗಾಗಿತ್ತು. ಹಿಂದಿನ ಸಾಲಿಗೆ ಹೋದ. ಟೈಪಿಸ್ಟ್ ಕಾಲು ತಾಗಿಸಿ ಕಳಿಸಿದ. ನಡುಸಾಲಿಗೆ ಬಂದ. ಅಲ್ಲಿ ಸಂಬಂಧಪಟ್ಟವರು ಟೀಗೆ ಹೋಗಿದ್ದರು. ನಡುಸಾಲಿನ ಒಂದು ಜಾಗದಲ್ಲಿ ಅವರ ಟೋಪಿ ಮಾತ್ರ ಇತ್ತು. ಸ್ಥಾನ ಬಿಟ್ಟಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ರೆಫರಿ ಗಡಿಯಾರ ನೋಡತೊಡಗಿದ.

ಕೊನೆಗೆ ಕರಿಬಸವಯ್ಯನ ತಾಳ್ಮೆ ಕೆಟ್ಟಿತು. "ಯಾವತ್ತಿದ್ರೂ ನಿಮ್ ಕೆಲ್ಸಾನೂ ನಾವೇ ಮಾಡ್ಬೇಕಲ್ಲ!" ಎಂದು ಗೊಣಗಿ, ತಿರುಗಿ ಓಡಿ, ತನ್ನದೇ ಗೋಲಿಗೆ ಚೆಂಡನ್ನು ಬಲವಾಗಿ ಒದ್ದ. ಬಲೆ ನಡುಗಿತು. ರೆಫರಿ ಕೊನೆಯ ಸೀಟಿ ಊದಿದ. ಇಲಾಖೆ ಒಂದು ಗೋಲಿನಿಂದ ಗೆದ್ದಿತು. ತನ್ನ ಹತ್ತಿರಕ್ಕೆ ಚೆಂಡು ಸುಳಿಯದೆಯೇ ಪಂದ್ಯ ಗೆದ್ದ ಲೆಕ್ಕಾಧಿಕಾರಿ ಎರಡೂ ಕೈ ಎತ್ತಿ ಜನರಿಗೆ ವಂದಿಸಿದ.

ಸಾಹೇಬರು ಕಡತ ತರಿಸಿ, ಪೆನ್ನಿನ ಮುಚ್ಚಳ ತೆಗೆದು ಕೂತರು. ಶಿವಕಿರಣ ಪಕ್ಕದಲ್ಲೇ ಬಗ್ಗಿ ನಿಂತ. ಅಷ್ಟರಲ್ಲಿ ನಿರ್ದೇಶಕರು ಮೈಕಿನ ಮುಂದೆ ಹೋದರು.

"ಹೋದ ವರ್ಷ ಇದೇ ತಂಡವನ್ನು ನೋಡಿ ನಾಚಿಕೆಪಟ್ಟಿದ್ದೆ. ಇವತ್ತು ಒಬ್ಬರಾದರೂ ಜಾಗ ಬಿಟ್ಟು ಕದಲಿದರಾ? ಇದಪ್ಪಾ ಶಿಸ್ತು! ಕೋಚ್ ಶಿವಕಿರಣ್ ಅವರ ಆದೇಶದ ಪ್ರತಿ ಓದಿದೆ. ಎಂಥ ತತ್ವ ರೀ ಅದು! ನಮ್ಮ ತಂಡಗಳು ಹಾಳಾಗ್ತಿರೋದು ಯಾಕೆ? ಇವತ್ತು ಕಟ್ಟಿದ್ದನ್ನ ನಾಳೆ ವರ್ಗಾವಣೆ ಮಾಡಿ ಕೆಡವ್ತೀವಿ. ಆದ್ದರಿಂದ ಈಗಲೇ ಘೋಷಿಸ್ತಾ ಇದೀನಿ. ಈ ವರ್ಷ ರಾಜ್ಯದ ಯಾವ ಜಿಲ್ಲೆಯಲ್ಲೇ ಆಗಲಿ, ಯಾವ ಆಟದಲ್ಲೇ ಆಗಲಿ, ಗೆದ್ದ ತಂಡದ ಆಟಗಾರರು, ಕೋಚ್, ಯಾರನ್ನೂ ಮೂರು ವರ್ಷ ಮುಟ್ಟೋ ಹಾಗಿಲ್ಲ. ವರ್ಗಾವಣೆ ಇಲ್ಲ, ಬಡ್ತಿ ಇಲ್ಲ. ವ್ಯೂಹ ಹಿಂಗೇ ನಿಲ್ಲಬೇಕು!"

ಮೈದಾನದಲ್ಲಿ ಚಪ್ಪಾಳೆ ಹೊಡೆಯುತ್ತಿದ್ದ ತಂಡ 'ಬಡ್ತಿ ಇಲ್ಲ' ಎಂಬಲ್ಲಿಗೆ ಬಂದಾಗ ನಿಲ್ಲಿಸಿತು.

ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿದರು. "ನಾನೇನು ಮಾಡ್ಲಪ್ಪ? ಸೈನ್ ಹಾಕ್ತಿದ್ದೆ. ಯಾರೂ ಕದಲಬಾರದು ಅಂತ ಬರೆಸಿದ್ದು ನೀನೇ ತಾನೇ?"

"ರೀ ಶಿವಕಿರಣ್!" ಹಿಂದಿನಿಂದ ಸುಂದರೇಶನ ಗುಡುಗು. "ನನ್ನ ಪ್ರಮೋಷನ್ ಮುಂದಿನ ತಿಂಗಳು ಇತ್ತು ಕಣ್ರೀ!"

ಇಡೀ ಪಂದ್ಯದಲ್ಲಿ ಕದಲದಿದ್ದ ಸುಂದರೇಶ ಈಗ ಮಂಡಿ ನೋವು ಮರೆತು ಓಡಿ ಬಂದ. ಹಿಂದೆ ನಡುಸಾಲು, ಅದರ ಹಿಂದೆ ಹಿಂದಿನ ಸಾಲು, ಸ್ಟೂಲು ಎತ್ತಿಕೊಂಡು ರಾಮಯ್ಯ. ಆ ದಿನ ಇಲಾಖೆಯ ತಂಡ ಒಂದಾಗಿ, ಹುರುಪಿನಿಂದ, ಗುರಿ ಇಟ್ಟು ಆಡಿದ್ದು ಅದೊಂದು ಗಳಿಗೆಯಲ್ಲಿ ಮಾತ್ರ. ಶಿವಕಿರಣ ಬೇಲಿ ಹಾರಿ, ಕಬ್ಬಿನ ಹಾಲಿನ ಗಾಡಿಯ ಹಿಂದೆ ಅವಿತುಕೊಂಡ. ಜೇಬಿನಲ್ಲಿ ಫೋನ್ ಬಡಿದುಕೊಂಡಿತು.

"ರೀ, ಏನಾಯ್ತು?" ನಿಶ್ಚಿತಾ.

"ಗೆದ್ವಿ. ಆದ್ರೆ ಸೈನ್ ಆಗ್ಲಿಲ್ಲ. ಇನ್ನು ಮೂರು ವರ್ಷ ನನಗೆ ಮೈಸೂರೇ ಗತಿ ಕಣೇ." ಅವನು ಸೊರ್ರನೆ ಮೂಗು ಎಳೆದುಕೊಂಡ.

ಆ ಕಡೆಯಿಂದ ಕಿಲಕಿಲ ನಗು.

"ಅಯ್ಯೋ, ಅಷ್ಟಕ್ಕೆಲ್ಲ ಅಳ್ತಾರಾ? ನೀವು ಬರೋಕಾಗ್ದಿದ್ರೆ ನಾನೇ ಅಲ್ಲಿಗೆ ಬಂದ್ಬುಡ್ತೀನಿ ಬಿಡಿ. ನಮ್ ಸಾಹೇಬ್ರೂ ನಂಗೆ ಮಾತು ಕೊಟ್ಟಿದಾರೆ. ನಿಮಗೆ ಸರ್‌ಪ್ರೈಸ್ ಮಾಡೋಣ ಅಂತ ಹೇಳಿರ್ಲಿಲ್ಲ. ಇವತ್ತು ಇಲ್ಲೂ ನಮ್ದು ಥ್ರೋಬಾಲ್ ಮ್ಯಾಚ್ ಇತ್ತು, ನಾನೇ ಕ್ಯಾಪ್ಟನ್ನು."

ಶಿವಕಿರಣ ಕಬ್ಬಿನ ಗಾಡಿಯ ಚಕ್ರವನ್ನು ಗಟ್ಟಿಯಾಗಿ ಹಿಡಿದುಕೊಂಡ.

"ನಿಶ್ಚಿತಾ... ಸೋತ್ರಿ ತಾನೇ?" ಎಂದು ಆಸೆಯಿಂದ ಕೇಳಿದ.

"ಸೋಲೋದಾ? ಕಪ್ ನನ್ನ ಕೈಯಲ್ಲೇ ಇದೆ ಕಣ್ರೀ!"