ತಾತನ ಕತ್ತಿಗೆ ಹುಣಸೆಹಣ್ಣು

ಎಲ್ಲ ಅನಾಹುತಕ್ಕೂ ಕಾರಣ ನಿಂಬೆಗಾತ್ರದ ಹುಣಸೆಹಣ್ಣು. ಆಯುಧಪೂಜೆಯ ಬೆಳಿಗ್ಗೆ ಹಲಸೂರಿನ ಮುನಿಆಂಜನಪ್ಪ ರಸೆಲ್ ಮಾರುಕಟ್ಟೆಯಿಂದ ಹೂ ತರುವಷ್ಟರಲ್ಲಿ ಹೆಂಡತಿ ರಾಜೇಶ್ವರಿ ಈಳಿಗೆಮಣೆ, ಸ್ಪ್ಯಾನರುಗಳ ಜೊತೆಗೆ ತಾತನ ಕತ್ತಿಯನ್ನೂ ಉಜ್ಜಿಟ್ಟಿದ್ದಳು.

ಅದು ಅಂತಿಂಥ ಕತ್ತಿಯಲ್ಲ. ತಾತ ಅಡುಗೆ ಮಾಡಿಹಾಕುತ್ತಿದ್ದ ಇಂಗ್ಲಿಷ್ ನೌಕಾಪಡೆಯ ಕ್ಯಾಪ್ಟನ್ ಊರಿಗೆ ಹೊರಡುವಾಗ ಕೊಟ್ಟದ್ದು. ಹಿಡಿಯ ತುದಿಯಲ್ಲಿ ಸಿಂಹದ ತಲೆ, ಅಲಗಿನ ಮೇಲೆ ಲಂಗರಿನ ಚಿತ್ರ. ಸಂಗ್ರಹಕಾರರು ಜೀವ ಬಿಡುವುದು ಇಂಥದ್ದರ ಹರಿತಕ್ಕಲ್ಲ, ನೂರು ವರ್ಷದ ಕಪ್ಪಿಗೆ. ಸಂಜೆ ಪುಲಿಕೇಶಿನಗರದ ನಿವೃತ್ತ ಕಮಾಂಡರ್ ಪಿಂಟೊ ನೋಡಲು ಬರುವವರಿದ್ದರು. ಒಪ್ಪಿದರೆ ಅವರು ನಾಳೆ ಏರ್ಪಡಿಸಿರುವ ಹಳೇ ಕತ್ತಿಗಳ ಪ್ರದರ್ಶನದಲ್ಲಿ ಇದರ ಕೆಳಗೆ ತಾತನ ಹೆಸರು. ಅಡುಗೆಮನೆಯ ಹೊಗೆಯಲ್ಲೇ ಬದುಕು ಸವೆಸಿದ ತಾತನ ಹೆಸರನ್ನು ಈವರೆಗೆ ಯಾರೂ ಎಲ್ಲೂ ಬರೆದಿರಲಿಲ್ಲ.

"ಏನೇ ಮಾಡ್ಬಿಟ್ಟೆ!"

"ತುಕ್ಕು ಹಿಡ್ದಿದ್ದನ್ನ ದೇವ್ರ ಮುಂದೆ ಇಡಕ್ಕಾಗುತ್ತಾ?"

ಬಾಡಿಗೆ ಕೋಣೆಯ ಭೀಮಾಶಂಕರ ಉಪ್ಪುಕಾಗದ ಹಿಡಿದು ಹಲ್ಲು ಕಿರಿದ. "ಕಾಕು ಅವ್ರ ಕೈಲೆ ಆಗ್ಲಿಲ್ರಿ ಕಾಕಾ. ನಾನೇ ತಿಕ್ಕೀನಿ. ಕುಂಬಳಕಾಯಿ ಒಂದ ಏಟಿಗೆ ಎರಡು ನೋಡ್ರಿ!"

ಕತ್ತಿಯ ಕಪ್ಪೆಲ್ಲ ಮುನಿಆಂಜನಪ್ಪನ ಮುಖಕ್ಕೆ ಬಂತು. ತಾತನನ್ನು ಎರಡನೇ ಸಲ ಮಣ್ಣು ಮಾಡಿದಷ್ಟು ಸಂಕಟವಾಯಿತು. ಕತ್ತಿಯನ್ನು ಗೋಣಿಯಲ್ಲಿ ಸುತ್ತಿಕೊಂಡು ಶಿವಾಜಿನಗರದ ಗುಜರಿ ಅಕ್ತರ್ ಬಳಿಗೆ ಓಡಿದ.

"ಹಳೇದು ಮಾಡ್ಬೇಕಾ ಅಣ್ಣಾ? ಟೆನ್ಷನ್ ತಗೋಬೇಡಿ. ಮಧ್ಯಾಹ್ನಕ್ಕೆ ಟಿಪ್ಪು ಕಾಲದ್ದು ಮಾಡ್ಕೊಡ್ತೀನಿ."

ಉಪ್ಪು, ಆಸಿಡ್, ಹಸಿಮಣ್ಣು ಮೆತ್ತಿ ಅಕ್ತರ್ ಮಾತು ಉಳಿಸಿಕೊಂಡ. ಉಜ್ಜಿದರೂ ಉಳಿದಿದ್ದ ಲಂಗರು ತುಕ್ಕಿನಲ್ಲಿ ಮುಳುಗಿಹೋಯಿತು.

ಸಂಜೆ ಕಮಾಂಡರ್ ಭೂತಗನ್ನಡಿಯಲ್ಲಿ ನೋಡಿ, ಅಲಗನ್ನು ಮೂಸಿದರು. "ಆಸಿಡ್ ವಾಸನೆ. ಇವತ್ತಿನ ತುಕ್ಕು. ಅಪ್ಪಟ ನಕಲಿ ರೀ ಇದು."

"ಅಯ್ಯೋ ಸಾರ್, ಅಸಲಿನೇ! ಬೆಳಿಗ್ಗೆ ಮನೇಲಿ ಹುಣಸೆಹಣ್ಣು ಹಾಕಿ ಉಜ್ಜಿಬಿಟ್ಟಿದ್ರು, ಅದಕ್ಕೇ..."

"ಹಾಗೇ ತೋರಿಸ್ಬೇಕಿತ್ತು! ಈ ಊರಲ್ಲಿ ಉಜ್ಜದೇ ಇರೋ ಕತ್ತಿ ಯಾವ್ದಿದೆ? ನನ್ನ ಹನ್ನೊಂದನ್ನೂ ಇವತ್ತು ಕೆಲಸದಮ್ಮ ತೊಳೆದಿಟ್ಟಿದಾಳೆ. ಸಿಂಹದ ತಲೆ ನಕಲಿಗೂ ಇರುತ್ತೆ, ಲಂಗರಿದ್ದಿದ್ರೆ ನಂಬ್ತಿದ್ದೆ. ಈಗ ಸಾಕ್ಷಿ ಏನಿದೆ?"

ಹೊರಟವರು ಬಾಗಿಲಲ್ಲಿ ನಿಂತರು. "ಆದ್ರೂ ಕೊಡಿ. ಪ್ರದರ್ಶನಕ್ಕೆ ಬೇಕು."

ಮುನಿಆಂಜನಪ್ಪನ ಕಣ್ಣು ತುಂಬಿತು. "ತಾತನ ಹೆಸ್ರು ಹಾಕ್ತೀರಾ ಸಾರ್? ಬಟ್ಲರ್ ಮುನಿಶಾಮಪ್ಪ ಅಂತ."

"ಖಂಡಿತ." ಪಿಂಟೊ ಅಲ್ಲೇ ಚೀಟಿ ಬರೆದು ಹಿಡಿಗೆ ಕಟ್ಟಿದರು. ಭೀಮಾಶಂಕರ ಬಗ್ಗಿ ಗಟ್ಟಿಯಾಗಿ ಓದಿದ: "ನಕಲಿ ಕತ್ತಿಯನ್ನು ಗುರುತಿಸುವುದು ಹೇಗೆ? ಕೊಡುಗೆ: ದಿವಂಗತ ಬಟ್ಲರ್ ಮುನಿಶಾಮಪ್ಪ."

ಆಮೇಲೆ ಸಂಭ್ರಮದಿಂದ ತಲೆಯೆತ್ತಿದ. "ಮುತ್ಯಾನ ಹೆಸರು ದಪ್ಪ ಅಕ್ಷರದಾಗ ಬಂದದ ನೋಡ್ರಿ ಕಾಕಾ!"