ಏರೋ ದ್ವೀಪಕ್ಕೆ ಇಳಿದ ಕ್ಯಾಪ್ಟನ್

"ವಿಮಾನದಲ್ಲಿ ಹೋಗೋದು ಸಾಮಾನು! ಗಂಡಸಾದವನು ನೀರಿನ ಮೇಲೆ ಹೋಗ್ತಾನೆ!"

ಮೀನನ್ನು ಹೊಗೆಯಲ್ಲಿ ಹದಗೊಳಿಸಿ ಮಾರುವ ಹೊಗೆಮೀನಿನ ಅಂಗಡಿಯ ಅಂಗಳದಲ್ಲಿ, ಅರ್ಧ ಊರಿನ ಎದುರಿಗೆ, ಬಿಯರ್ ಲೋಟ ಎತ್ತಿ ಕ್ಯಾಪ್ಟನ್ ವೆರ್ನರ್ ಹೀಗೆ ಘೋಷಿಸಿದಾಗ, ಎಲ್ಲಿಗಾದರೂ ಹೋಗುವ ಉದ್ದೇಶ ಅವನಿಗೆ ಲವಲೇಶವೂ ಇರಲಿಲ್ಲ. ಪಕ್ಕದ ಮನೆಯ ಎಗೋನ್, ಬೇಕರಿ ಮುಚ್ಚಿ ನಿವೃತ್ತನಾದವನು, ವಿಮಾನ ಹತ್ತಿ ಸ್ಪೇನಿಗೆ ಹೋಗಿ ಚೆನ್ನಾಗಿ ಬೆಂದ ಬನ್ನಿನ ಬಣ್ಣಕ್ಕೆ ತಿರುಗಿ ಬಂದಿದ್ದ. ಬಂದಾಗಿನಿಂದ ಬಾಯಿ ಬಿಟ್ಟರೆ ಸ್ಪೇನ್ ಪುರಾಣ! ಅದಕ್ಕೊಂದು ಮಂಗಳ ಹಾಡಬೇಕಿತ್ತು, ಅಷ್ಟೆ. ಡೆನ್ಮಾರ್ಕಿನ ಈ ಏರೋ ದ್ವೀಪಕ್ಕೂ ಆಚೆ ದಡಕ್ಕೂ ನಡುವೆ ಜೀವಮಾನವಿಡೀ ಫೆರಿ ಹಡಗು ನಡೆಸಿದ ತಾನು ಸಮುದ್ರದ ಬಗ್ಗೆ ಒಂದು ಮಾತು ಒಗೆದರೆ ಬೇಕರಿಯವನು ಬಾಯಿ ಮುಚ್ಚಲೇಬೇಕು!

ಎಗೋನ್ ಬಾಯಿ ಮುಚ್ಚಿದ. ಆದರೆ ವೆರ್ನರನ ಹೆಂಡತಿ ಗ್ರೇಟೆ ಬೆನ್ನ ಹಿಂದೆಯೇ ನಿಂತಿದ್ದಳು.

"ಸರಿಯಾಗಿ ಹೇಳಿದೆ ನೋಡು," ಎಂದಳು. "ನಾರ್ವೆಯ ಜಲಪಾತ ತೋರ್ಸು ಅಂತ ಮದುವೆ ಆದಾಗಿನಿಂದ ಬಾಯಿ ಬಡ್ಕೊಳ್ತಿದ್ದೀನಿ. ನಾಳೆನೇ ಹಡಗಿನ ಟಿಕೆಟ್ ತಗೋತೀನಿ."

"ನಾಳೆನೇ? ಅಷ್ಟೊಂದು ಅವಸರ ಏನೇ?"

"ಗಂಡಸಾದವನು ನೀರಿನ ಮೇಲೆ ಹೋಗ್ತಾನೆ ಅಂದ್ಯಲ್ಲ? ನಾಡಿದ್ದಿನ ತನಕ ಬಿಟ್ಟು, ಅಷ್ಟರಲ್ಲಿ ಗಂಡಸು ಮನಸ್ಸು ಬದಲಾಯಿಸಿಬಿಟ್ರೆ!"

ಅಂಗಳವೆಲ್ಲ ಹೋ ಎಂದು ನಕ್ಕಿತು. ಮಾತು ಆಡಿದರೆ ಹೋಯಿತು! ವೆರ್ನರ್ ಉಳಿದ ಬಿಯರನ್ನು ವಿಷ ಕುಡಿದಂತೆ ಕುಡಿದ.

ಅವನ ಸಂಕಟಕ್ಕೆ ಕಾರಣವಿತ್ತು. ಪ್ರಪಂಚದಲ್ಲಿ ಯಾರಿಗೂ, ಕಟ್ಟಿಕೊಂಡ ಹೆಂಡತಿಗೂ ಗೊತ್ತಿಲ್ಲವೆಂದು ಅವನು ನಂಬಿದ್ದ ಗುಟ್ಟು ಅದು: ಕ್ಯಾಪ್ಟನ್ ವೆರ್ನರನಿಗೆ ಸಮುದ್ರ ಒಗ್ಗುತ್ತಿರಲಿಲ್ಲ! ಅಲೆ ಒಂದು ಗೇಣು ಎದ್ದರೆ ಅವನ ಹೊಟ್ಟೆ ಎರಡು ಗೇಣು ಏಳುತ್ತಿತ್ತು. ಗಾಳಿ ಬೀಸಿದ ದಿನ ಚುಕ್ಕಾಣಿಯನ್ನು ಸಹಾಯಕನ ಕೈಗೆ ಕೊಟ್ಟು, "ಎಂಜಿನ್ ನೋಡ್ಕೊಂಡು ಬರ್ತೀನಿ" ಎಂದು ಗಂಭೀರವಾಗಿ ಮಾಯವಾಗುತ್ತಿದ್ದ. ಹೀಗೆ ನೋಡಿ ನೋಡಿ, ಇಡೀ ಡೆನ್ಮಾರ್ಕಿನಲ್ಲಿ ಅಷ್ಟು ಆರೈಕೆ ಕಂಡ ಎಂಜಿನ್ ಇನ್ನೊಂದಿರಲಿಲ್ಲ ಎಂಬ ಖ್ಯಾತಿ ಬೇರೆ!

ಅಂತೂ ಬೇಸಿಗೆಯಲ್ಲಿ ಜರ್ಮನಿಯ ಬಂದರಿನಿಂದ ಬಿಳಿ ಹಡಗು ಹೊರಟಿತು. ಒಳಗೆ ಪಿಂಚಣಿ ಪಡೆಯುವ ಜರ್ಮನರೇ ತುಂಬಿದ್ದರು. ಗ್ರೇಟೆಗೆ ಮೊದಲ ಊಟಕ್ಕೇ ಹ್ಯಾಂಬರ್ಗಿನ ವಿಧವೆಯೊಬ್ಬಳ ಸ್ನೇಹವಾಗಿ ಇಸ್ಪೀಟು ಶುರುವಾಯಿತು. ವೆರ್ನರನಿಗೆ ಮೊದಲ ಅಲೆಗೇ ಬಚ್ಚಲಿನ ಸ್ನೇಹವಾಯಿತು.

"ಸೀಗಡಿ ಕೆಟ್ಟಿತ್ತು ಕಣೇ," ಎಂದ ಅವನು ಬಚ್ಚಲಿನೊಳಗಿಂದ, ಪಾತಾಳದ ದನಿಯಲ್ಲಿ.

"ಹೌದೌದು, ಸೀಗಡಿನೇ ಇರ್ಬೇಕು," ಎಂದಳು ಗ್ರೇಟೆ. ಅದೇ ಸೀಗಡಿಯನ್ನು ಅವಳು ಎರಡು ತಟ್ಟೆ ತಿಂದಿದ್ದಳು.

ಇರುಳೆಲ್ಲ ಹಡಗು ಮೇಲೆ ಹೋದಾಗ ಕ್ಯಾಪ್ಟನ್ ಕೆಳಗೆ, ಹಡಗು ಕೆಳಗಿಳಿದಾಗ ಕ್ಯಾಪ್ಟನ್ನನ ಊಟ ಮೇಲೆ! ಬೆಳಗಿನ ಹೊತ್ತಿಗೆ ಅಲುಗಾಟ ನಿಂತಿತು. ಬದುಕಿದೆಯಾ ಬಡಜೀವವೇ ಎಂದು ದುಂಡು ಕಿಟಕಿಯ ಪರದೆ ಸರಿಸಿದ ವೆರ್ನರ್ ಕಿರುಚಿಕೊಂಡ.

"ಗ್ರೇಟೆ! ಈ ನಾರ್ವೆಯವರು ನಮ್ಮ ಚರ್ಚನ್ನೇ ಕದ್ದಿದ್ದಾರೆ!"

ಗ್ರೇಟೆ ಬಂದು ಇಣುಕಿದಳು. ಅದೇ ಚರ್ಚಿನ ಗೋಪುರ, ದಡದ ಮೇಲೆ ಅದೇ ಬಣ್ಣಬಣ್ಣದ ಸಮುದ್ರಸ್ನಾನದ ಗುಡಿಸಲುಗಳು, ಅದೇ ಹೊಗೆಮೀನಿನ ಅಂಗಡಿಯ ಹೊಗೆ. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಎಂಬಂತೆ, ಗವಾಕ್ಷಿಯ ತುಂಬ ಹುಟ್ಟಿದ ಊರೇ ಬಂದು ನಿಂತಿತ್ತು!

ಅಷ್ಟರಲ್ಲಿ ಧ್ವನಿವರ್ಧಕ ಕೆಮ್ಮಿತು. ಉತ್ತರದಲ್ಲಿ ಬಿರುಗಾಳಿ ಜೋರಾದ್ದರಿಂದ ಹಡಗು ಹಿಂದಕ್ಕೆ ತಿರುಗಿದೆ. ಇಂದು ಸಂಜೆಯವರೆಗೆ ಏರೋ ಎಂಬ ಮುದ್ದಾದ ದ್ವೀಪದ ಬಳಿ ಲಂಗರು. ಅಲ್ಲಿ ಕಾಲ ನಿಂತುಬಿಟ್ಟಿದೆ. ಎಲ್ಲರೂ ಸಣ್ಣ ದೋಣಿಗಳಲ್ಲಿ ಇಳಿದು ಆನಂದಿಸಬೇಕು. ಸಂಜೆ ಮತ್ತೆ ನಾರ್ವೆಯತ್ತ ಪಯಣ!

ಕಾಲ ನಿಂತಿತ್ತೋ ಏನೋ, ವೆರ್ನರನ ಕಾಲಂತೂ ನಿಲ್ಲಲಿಲ್ಲ. ಕೋಣೆಯ ಉದ್ದಗಲ ಅಳೆದ. ಸಂಜೆ ಮತ್ತೆ ಆ ಸಮುದ್ರ! ಮತ್ತೆ ಆ ಬಚ್ಚಲು! ಆದರೆ ಪೆಟ್ಟಿಗೆ ಹಿಡಿದು ಊರಿಗೆ ಇಳಿದರೆ? ನೀರಿನ ಮೇಲೆ ಹೋದ ಗಂಡಸು ಎರಡೇ ದಿನಕ್ಕೆ ವಾಪಸ್ ಬಂದ ಎಂದು ಎಗೋನ್ ಸಾಯುವ ತನಕ ನಗುತ್ತಾನೆ. ಸತ್ತ ಮೇಲೂ ಸಮಾಧಿಯ ಮೇಲೆ ಅದನ್ನೇ ಕೆತ್ತಿಸಿಕೊಳ್ಳುವ ಪೈಕಿ ಆಸಾಮಿ!

ಕೊನೆಗೆ ಅವನ ಮೆದುಳಿನಲ್ಲಿ ಮಹಾಯೋಜನೆಯೊಂದು ಅವತರಿಸಿತು.

"ವೇಷ ಮರೆಸ್ಕೊಂಡು ಇಳಿದುಬಿಡ್ತೀನಿ. ಹಿತ್ತಲ ಬಾಗಿಲ ಬೀಗದಕೈ ಹೂಕುಂಡದ ಕೆಳಗಿದೆ. ಒಳಗೆ ಸೇರ್ಕೊಂಡು ಪರದೆ ಎಳೆದು ಕೂತರೆ ನೀನು ಬರೋ ತನಕ ನರಪಿಳ್ಳೆಗೂ ಗೊತ್ತಾಗಲ್ಲ."

"ಅಷ್ಟು ದಿನ ಕತ್ತಲಲ್ಲಿ ಕೂತು ಉಪ್ಪುಮೀನು ತಿಂತೀಯಾ?"

"ತಿಂತೀನಿ. ನೀನು ಬಂದ ದಿನ ಮೆಲ್ಲಗೆ ಬಂದರಿನಲ್ಲಿ ನಿನ್ನ ಜೊತೆ ಸೇರ್ಕೊಂಡು ಪೆಟ್ಟಿಗೆ ಹೊತ್ಕೊಂಡು ಬರ್ತೀನಿ. ಜಲಪಾತ ಹೇಗಿತ್ತು ಅಂತ ನನ್ನ ಕಿವೀಲಿ ಹೇಳು, ಊರಿಗೆ ನಾನು ವರ್ಣಿಸ್ತೀನಿ."

"ವರ್ಣಿಸೋದು ಯಾವಾಗಲೂ ನೀನೇ," ಎಂದಳು ಗ್ರೇಟೆ. "ನೋಡೋದನ್ನಾದ್ರೂ ನಾನು ನೋಡ್ತೀನಿ, ನೀನು ಇಳಿ."

ಗ್ರೇಟೆಯದೇ ಒಂದು ಅಗಲವಾದ ಹುಲ್ಲುಟೋಪಿ, ಅದರ ಅಂಚಿಗೆ ಬಟ್ಟೆಯ ಚೆರ್ರಿ ಹಣ್ಣಿನ ಗೊಂಚಲು. ವಿಧವೆಯಿಂದ ಎರವಲು ತಂದ ಬಿಳಿ ಅಂಚಿನ ಕಪ್ಪು ಕನ್ನಡಕ. ಗದ್ದಕ್ಕೆ ರೇಷ್ಮೆ ವಸ್ತ್ರ. ಕನ್ನಡಿಯಲ್ಲಿ ನೋಡಿಕೊಂಡ ವೆರ್ನರನಿಗೇ ತನ್ನ ಗುರುತು ಸಿಗಲಿಲ್ಲ. ಏರೋ ಎಂಬ ಹೆಸರಿನ ಊರಿಗೆ ಹೀಗೆ ಕದ್ದು ಇಳಿಯುವ ಗತಿ ಬಂತಲ್ಲ!

ಬಂದರಿನ ಧಕ್ಕೆಯ ಮೇಲೆ ಹಳದಿ ಕೊಡೆ ಹಿಡಿದು ನಿಂತಿದ್ದವನು ಬೇರಾರೂ ಅಲ್ಲ, ಎಗೋನ್! ಹಠಾತ್ತನೆ ಹಡಗು ಬಂದುದರಿಂದ ಊರಿನವರಿಗೆ ಮಾರ್ಗದರ್ಶಿ ಬೇಕಾಗಿತ್ತು. ಆ ಹೊತ್ತಿಗೆ ಕೈಗೆ ಸಿಕ್ಕ, ಜರ್ಮನ್ ಬಲ್ಲವನೆಂದರೆ ಅವನೊಬ್ಬನೇ. ಆದರೆ ಅವನ ಜರ್ಮನ್ ಬೇಕರಿಯ ಕಟ್ಟೆಯ ಹಿಂದೆ ಕಲಿತದ್ದು.

"ಈ ಚರ್ಚು ಬಹಳ ಹಳೆಯದು. ಹೊರಗೆ ಗಟ್ಟಿ, ಒಳಗೆ ಮೃದು," ಎಂದು ಅವನು ವಿವರಿಸುತ್ತ ಸಾಗಿದ. "ಆ ಮನೆ ಇನ್ನೂ ಹಳೆಯದು. ಆದರೂ ತಿನ್ನಬಹುದು."

ಜರ್ಮನರು ತಲೆದೂಗಿದರು. ವೆರ್ನರ್ ಗುಂಪಿನ ಬಾಲದಲ್ಲಿ ಟೋಪಿ ತಗ್ಗಿಸಿಕೊಂಡು ನಡೆದ. ಬೀದಿಯ ಪ್ರತಿ ಕಿಟಕಿಗೂ ಹೊರಗೊಂದು ಪುಟ್ಟ ಕನ್ನಡಿ; ಒಳಗೆ ಕೂತ ಮುದುಕಿಯರಿಗೆ ಬೀದಿಯಲ್ಲಿ ಯಾರು ಬಂದರು ಯಾರು ಹೋದರು ಎಂಬುದೆಲ್ಲ ಅದರಲ್ಲೇ ದರ್ಶನ. ಒಂದೊಂದು ಕನ್ನಡಿಯೂ ತನ್ನನ್ನೇ ನೋಡಿ ಕಣ್ಣು ಹೊಡೆದಂತೆ ಅವನಿಗನ್ನಿಸಿತು. ಓಣಿ ತಿರುಗಿದರೆ ತನ್ನ ಮನೆ. ಗುಂಪು ಮುಂದೆ ಹೋಗುತ್ತದೆ, ತಾನು ಹಿತ್ತಲಿಗೆ ಜಾರುತ್ತೇನೆ!

ಗುಂಪು ಮುಂದೆ ಹೋಗಲಿಲ್ಲ. ಎಗೋನ್ ಸರಿಯಾಗಿ ಅವನ ಮನೆಯ ಮುಂದೆಯೇ ನಿಂತು ಕೊಡೆ ಎತ್ತಿದ.

"ಇದು ನಮ್ಮ ಕ್ಯಾಪ್ಟನ್ ಮನೆ. ಮಹಾನ್ ನಾವಿಕ! ಒಂದು ಸಲ ಪಾದ್ರಿಯನ್ನ ದಡದಲ್ಲೇ ಬಿಟ್ಟು, ಪಾದ್ರಿಯ ಪೆಟ್ಟಿಗೆಯನ್ನ ಮಾತ್ರ ಆಚೆ ದಡಕ್ಕೆ ಮುಟ್ಟಿಸಿದ."

"ಪಾದ್ರಿ ತಡವಾಗಿ ಬಂದಿದ್ದು!" ಎಂದು ರೇಷ್ಮೆ ವಸ್ತ್ರದೊಳಗಿಂದ ವೆರ್ನರ್ ಗುರುಗುಟ್ಟಿದ.

"ಕಿಟಕಿಯಲ್ಲಿ ಎರಡು ಪಿಂಗಾಣಿ ನಾಯಿ ಇದೆ ನೋಡಿ. ಬೀದಿ ಕಡೆ ಮುಖ ಮಾಡಿದ್ರೆ ಯಜಮಾನ ಸಮುದ್ರದಲ್ಲಿದ್ದಾನೆ ಅಂತ. ಒಳಗೆ ಮುಖ ಮಾಡಿದ್ರೆ ಮನೆಯಲ್ಲಿದ್ದಾನೆ ಅಂತ. ಈಗ ನಾಯಿ ಬೀದಿ ನೋಡ್ತಿದೆ. ಕ್ಯಾಪ್ಟನ್ ನಾರ್ವೆಯಲ್ಲಿ!"

ಆಗ ದಪ್ಪನೆಯ ಹೆಂಗಸೊಬ್ಬಳು ಮೆಲ್ಲಗೆ ಕೇಳಿದಳು, ಶೌಚಾಲಯ ಎಲ್ಲಿದೆ? ಬಂದರಿನದು ದುರಸ್ತಿಯಲ್ಲಿತ್ತು. ಎಗೋನ್ ಕ್ಷಣವೂ ಯೋಚಿಸಲಿಲ್ಲ.

"ನಮ್ಮ ಕ್ಯಾಪ್ಟನ್ ಬಹಳ ಉದಾರಿ!" ಎಂದು ಜೇಬಿನಿಂದ ಬೀಗದಕೈ ತೆಗೆದ. ಟೊಮೇಟೊ ಗಿಡಗಳಿಗೆ ನೀರು ಹಾಕಲೆಂದು ವೆರ್ನರನೇ ಕೊಟ್ಟು ಹೋಗಿ, ಮಹಾಯೋಜನೆಯ ಗಡಿಬಿಡಿಯಲ್ಲಿ ಮರೆತೇಬಿಟ್ಟಿದ್ದ ಬೀಗದಕೈ! "ಮಹಡಿ ಮೇಲೆ, ಎಡಗಡೆ. ಒಬ್ಬೊಬ್ಬರಾಗಿ!"

ಕಣ್ಣು ಮಿಟುಕಿಸುವಷ್ಟರಲ್ಲಿ ಮನೆಯ ಬಾಗಿಲಿಂದ ಓಣಿಯ ತುದಿಯವರೆಗೆ ಸಾಲು ಬೆಳೆಯಿತು. ವೆರ್ನರ್ ಮೆತ್ತಗೆ ಹಿತ್ತಲಿನತ್ತ ಸರಿಯಲು ಹೋದರೆ, ಉದ್ದನೆಯ ಜರ್ಮನ್ ಮುದುಕ ಕೋಲು ಅಡ್ಡ ಹಿಡಿದ. "ಅಮ್ಮಾ, ನಮಗೂ ಅರ್ಜೆಂಟಿದೆ. ಸಾಲಿನ ಕೊನೆಗೆ ನಿಂತ್ಕೊಳಿ!"

ಹೀಗೆ ಕ್ಯಾಪ್ಟನ್ ವೆರ್ನರ್, ತನ್ನ ಸ್ವಂತ ಮನೆಯ, ಸ್ವಂತ ಪಾಯಿಖಾನೆಗೆ, ಚೆರ್ರಿ ಟೋಪಿ ಹಾಕಿಕೊಂಡು ಸಾಲಿನಲ್ಲಿ ನಿಂತ!

ಅಷ್ಟರಲ್ಲಿ ಒಳಗಿನಿಂದ ಕಿಟಕಿಯ ಬಳಿ ಎಗೋನನ ಕೈ ಕಾಣಿಸಿತು. ಮುಖ ಬೇರೆ ಕಡೆ, ಬಾಯಲ್ಲಿ ಯಾರಿಗೋ ಜರ್ಮನ್ ಉಪದೇಶ. ಆದರೆ ಕೈ ಮಾತ್ರ ನಿಧಾನವಾಗಿ ಒಂದು ಪಿಂಗಾಣಿ ನಾಯಿಯ ಮುಖವನ್ನು ಒಳಗೆ ತಿರುಗಿಸಿತು. ಆಮೇಲೆ ಇನ್ನೊಂದರದು.

ವೆರ್ನರ್ ಟೋಪಿಯನ್ನು ಮೂಗಿನ ತನಕ ಎಳೆದುಕೊಂಡ. ಇವನಿಗೆ ಗೊತ್ತಾಗಿದೆ!

ಓಡಿಹೋಗಬೇಕೆಂದು ಕಾಲು ತೆಗೆದ. ಆಗಲೇ ಮಹಡಿಯಿಂದ ಆ ಸದ್ದು ಬಂದದ್ದು. ಕಟಕ್! ಆಮೇಲೆ, ಗುಳುಗುಳುಗುಳು.

ಅವನ ಪಾಯಿಖಾನೆಯ ಸರಪಳಿ ಎಳೆಯುವುದೆಂದರೆ ಒಂದು ವಿದ್ಯೆ. ಅರ್ಧ ಎಳೆದು, ಉಸಿರು ಹಿಡಿದು, ನೀರಿನ ತೊಟ್ಟಿಗೆ ಮೊಣಕೈಯಿಂದ ಒಂದು ಗುದ್ದು ಕೊಟ್ಟು, ಆಮೇಲೆ ಬಿಡಬೇಕು. ಕೊಳಾಯಿಯವನನ್ನು ಕರೆಯುವುದು ಕ್ಯಾಪ್ಟನ್ನನಿಗೆ ಅವಮಾನವೆಂದು, ಮೀನುಬಲೆಯ ಬೆಂಡು ಮತ್ತು ಗ್ರೇಟೆಯ ಹಳೆಯ ಕಾಲುಚೀಲ ಸೇರಿಸಿ ಅವನೇ ಮಾಡಿದ ದುರಸ್ತಿ ಅದು. ಜರ್ಮನರು ಶಿಸ್ತಿನ ಜನ. ಪೂರ್ತಿ ಎಳೆದಿದ್ದರು.

"ಎಳೀಬೇಡಿ! ಗುದ್ದಿ! ಗುದ್ದಿ!" ಎಂದು ಡೇನಿಷ್ ಭಾಷೆಯಲ್ಲಿ ಅರಚುತ್ತ ವೆರ್ನರ್ ಸಾಲನ್ನು ಸೀಳಿಕೊಂಡು ಒಳಗೆ ನುಗ್ಗಿದ. ಮಹಡಿಯ ಮೆಟ್ಟಿಲು ಮೆಟ್ಟಿಲು ಇಳಿದು ನೀರು ಅವನನ್ನು ಎದುರುಗೊಂಡಿತು. ನಾರ್ವೆಗೆ ಹೋಗದೆಯೇ ಜಲಪಾತ! ಟೋಪಿ ಹಾರಿತು, ಕನ್ನಡಕ ತೇಲಿತು, ಕ್ಯಾಪ್ಟನ್ ಜಾರಿ ಕೆಳಗಿನ ಮೆಟ್ಟಿಲ ಮೇಲೆ ಧೊಪ್ಪನೆ ಕೂತ.

"ಎಗೋನ್! ಕತ್ತೆ! ಇದು ನನ್ನ ಮನೆ ಕಣೋ! ನನ್ನ ಪಾಯಿಖಾನೆ!"

"ನಿಮ್ಮ ಮನೇನಾ ಅಮ್ಮಾ?" ಎಂದ ಎಗೋನ್, ಎರಡೂ ಕೈ ಸೊಂಟಕ್ಕಿಟ್ಟು. "ನಮ್ಮ ಕ್ಯಾಪ್ಟನ್ ನಾರ್ವೆಯಲ್ಲಿದ್ದಾನಲ್ಲ!"

"ನಾನೇ ಕಣೋ ಕ್ಯಾಪ್ಟನ್!"

"ಕ್ಯಾಪ್ಟನ್ ಆಗಿದ್ರೆ ನೀರು ನೋಡಿ ಹೆದರ್ತಿದ್ರಾ?"

ಓಣಿಯಲ್ಲೆಲ್ಲ ಚಪ್ಪಾಳೆ! ದ್ವೀಪದ ಸಾಂಪ್ರದಾಯಿಕ ನಾಟಕವೆಂದು ತಿಳಿದ ಜರ್ಮನರು ಎದ್ದು ನಿಂತು, ಅಂದರೆ ಮೊದಲೇ ನಿಂತಿದ್ದವರು ಇನ್ನಷ್ಟು ನೆಟ್ಟಗೆ ನಿಂತು, ಚಪ್ಪಾಳೆ ತಟ್ಟಿದರು. ದಪ್ಪನೆಯ ಹೆಂಗಸು ಕಣ್ಣೊರೆಸಿಕೊಳ್ಳುತ್ತ ಬಂದು, ತೇಲುತ್ತಿದ್ದ ಚೆರ್ರಿ ಟೋಪಿಯೊಳಗೆ ಒಂದು ನಾಣ್ಯ ಹಾಕಿ, "ಹೆಂಗಸಿನ ಪಾತ್ರ ಬಹಳ ಸಹಜವಾಗಿತ್ತು" ಎಂದು ಹೊಗಳಿ ಹೋದಳು.

ಸಂಜೆ ಹಡಗು ಕೂಗು ಹಾಕಿ ಹೊರಟಿತು. ಮನೆಯ ಮುಂದಿನ ಕಲ್ಲುಬೆಂಚಿನ ಮೇಲೆ, ಪ್ಯಾಂಟು ಮೊಣಕಾಲಿನವರೆಗೆ ಮಡಚಿ, ನೀರು ಬಳಿದು ಬಳಿದು ಸೋತ ವೆರ್ನರ್, ಎಗೋನ್ ಇಬ್ಬರೂ ಕೂತಿದ್ದರು. ಎಗೋನ್ ಬಿಯರ್ ಮುಚ್ಚಳ ತೆಗೆದು ಒಂದು ಬಾಟಲಿಯನ್ನು ವೆರ್ನರನಿಗೆ ಕೊಟ್ಟ. ದೂರದ ಬಿಳಿ ಹಡಗಿನ ಮೇಲೆ ಗ್ರೇಟೆ ಜಲಪಾತದ ಕಡೆಗೆ ಸಾಗುತ್ತಿದ್ದಳು. ಅವಳ ಪಕ್ಕದಲ್ಲಿ ತಾನಿರಬೇಕಾಗಿತ್ತು ಎಂದು ಒಮ್ಮೆ ಅವನಿಗನ್ನಿಸಿತು. ಆದರೂ ಜಂಬ ಬಿಡಲುಂಟೇ!

"ಈ ಕೊಳಾಯಿ ರಗಳೆ ಇಲ್ದಿದ್ರೆ ನಾನೂ ಹೋಗ್ತಿದ್ದೆ," ಎಂದ. "ಸಮುದ್ರ ಅಂದ್ರೆ ನನಗೆ ತಾಯಿ ಇದ್ದ ಹಾಗೆ."

"ಗೊತ್ತು," ಎಂದ ಎಗೋನ್. "ಗಾಳಿ ಬೀಸಿದಾಗೆಲ್ಲ ತಾಯಿಗೆ ಬಗ್ಗಿ ನಮಸ್ಕಾರ ಮಾಡ್ತಿದ್ದೆಯಲ್ಲ, ಹಡಗಿನ ಹಿಂಭಾಗದ ಕಟಕಟೆ ಹಿಡ್ಕೊಂಡು."

ವೆರ್ನರನ ಕೈಯ ಬಾಟಲಿ ಗಾಳಿಯಲ್ಲೇ ನಿಂತಿತು. "ನೀನು... ನೋಡಿದ್ದೀಯಾ?"

"ನಾನೊಬ್ಬನೇನಾ? ಎಂಜಿನ್ ಇರೋದು ಕೆಳಗೆ, ನೀನು ಹೋಗ್ತಿದ್ದದ್ದು ಹಿಂದಕ್ಕೆ. ಪ್ರಯಾಣಿಕರೆಲ್ಲ ಕೂರ್ತಿದ್ದದ್ದೂ ಹಿಂದೇನೇ! ಊರಿಗೆಲ್ಲ ಗೊತ್ತು."

"ಗ್ರೇಟೆಗೂ?"

"ನಿನ್ನ ಸಮವಸ್ತ್ರ ಒಗೀತಿದ್ದವರು ಯಾರು, ರಾಣಿಯೇ?"

ವೆರ್ನರ್ ಬಾಟಲಿಯನ್ನು ಬೆಂಚಿನ ಮೇಲಿಟ್ಟ. ಇಡೀ ದ್ವೀಪ, ಪಾದ್ರಿಯಿಂದ ಹಿಡಿದು ಮೀನು ಮಾರುವವಳ ತನಕ, ಒಬ್ಬ ಕ್ಯಾಪ್ಟನ್ನನ ಮಾನ ಕಾಪಾಡಲು ಇಷ್ಟು ವರ್ಷ ಬಾಯಿ ಹೊಲಿದುಕೊಂಡಿತ್ತಲ್ಲ! ಎಂಥ ಜನ! ಎಂಥ ದೊಡ್ಡ ಮನಸ್ಸು! ಅವನು ಎಗೋನನ ಒದ್ದೆ ಹೆಗಲ ಮೇಲೆ ಕೈಯಿಟ್ಟ.

"ಒಬ್ಬರೂ ಒಂದು ಮಾತೂ ಆಡಲಿಲ್ಲವಲ್ಲೋ," ಎಂದ. "ನನ್ನ ಮೇಲೆ ಅಷ್ಟು ಪ್ರೀತಿನಾ?"

"ಪ್ರೀತಿ?" ಎಗೋನ್ ಬಿಯರ್ ಗುಟುಕರಿಸಿ ಬಾಯಿ ಒರೆಸಿಕೊಂಡ. "ಯಾರಾದ್ರೂ ಆಡಿದ್ರೆ ನೀನು ಅವತ್ತೇ ಕೆಲಸ ಬಿಟ್ಟು ದಡದ ಮೇಲೆ ಕೂತುಬಿಡ್ತಿದ್ದೆ. ದಿನವಿಡೀ ನಿನ್ನನ್ನ ಸಹಿಸ್ಕೊಳ್ಳೋದು ಯಾರಪ್ಪಾ ಅಂತ ಊರವರೆಲ್ಲ ಸೇರಿ ಸಭೆ ಮಾಡಿ ತೀರ್ಮಾನ ತಗೊಂಡಿದ್ವಿ ಮಾರಾಯ!"