ಕಣ್ಣು ಬಿಟ್ಟ ಕೂಸು

ಜನನ ನೋಂದಣಿಯ ಪ್ರತಿ ಅರ್ಜಿಗೂ ಶಿಶುವಿನ ಭಾವಚಿತ್ರ ಲಗತ್ತಿಸತಕ್ಕದ್ದೆಂಬ ನಿಯಮ ಜಾರಿಗೆ ಬಂದು ಎಂಟು ತಿಂಗಳಾಗಿತ್ತು. ಚಿತ್ರವನ್ನು ಹುಟ್ಟಿದ ಮೂರು ದಿನದೊಳಗೆ ತೆಗೆದಿರಬೇಕು. ಶಿಶುವಿನ ಕಣ್ಣೆರಡೂ ತೆರೆದಿರಬೇಕು, ಬಾಯಿ ಮುಚ್ಚಿರಬೇಕು, ಅನ್ಯರ ಕೈ ಕಾಣಿಸಕೂಡದು. ಅಳುವ ಶಿಶುಗಳ ಅರ್ಜಿಯನ್ನು ಅಸಹಕಾರದ ಕಾರಣ ನೀಡಿ ತಿರಸ್ಕರಿಸಲಾಗುವುದು.

ಇದಕ್ಕಾಗಿ ಹೆರಿಗೆ ಆಸ್ಪತ್ರೆಯ ಮೊದಲ ಮಹಡಿಯಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕ, ಒಬ್ಬ ಫೋಟೋಗ್ರಾಫರನನ್ನು ಕೂರಿಸಲಾಗಿತ್ತು. ಮೂವತ್ತು ವರ್ಷ ಮದುವೆ ಫೋಟೋ ತೆಗೆದವನು. ಗಂಟುಮುಖದ ಬೀಗರನ್ನೂ ನಗಿಸಿದವನು. ಕೂಸುಗಳ ಮುಂದೆ ಅವನ ಆಟ ನಡೆಯಲಿಲ್ಲ. ಗಿಲಕಿ ಆಡಿಸಿದ, ಸೀಟಿ ಊದಿದ, ಬೆಕ್ಕಿನಂತೆ ಕೂಗಿದ. ಕೂಗು ಕೇಳಿ ನಿಜವಾದ ಬೆಕ್ಕೇ ಬಂತು. ಕೂಸು ಮಾತ್ರ ಕಣ್ಣು ಬಿಡಲಿಲ್ಲ.

ಫೋಟೋ ಒಪ್ಪಿಗೆಯಾಗದೆ ಆಸ್ಪತ್ರೆಯಿಂದ ಬಿಡುಗಡೆ ಇಲ್ಲ. ಮೂರು ದಿನ ದಾಟಿದವರಿಗೆ ನಿಯಮದಲ್ಲಿ ದಾರಿಯೂ ಇಲ್ಲ. ಬಾಣಂತಿಯರು ಮಂಚಕ್ಕೆ ಇಬ್ಬರಂತೆ ಮಲಗತೊಡಗಿದರು. ಕೊನೆಯ ಮಂಚದ ನವಜಾತ ಶಿಶುವಿಗೆ ಎರಡು ಹಲ್ಲು ಬಂದಿದ್ದವು.

ಹೀಗಿರುವಾಗ ಬಸ್ ಕಂಡಕ್ಟರಮ್ಮ ತನ್ನ ಎರಡು ದಿನದ ಮಗಳನ್ನು ತಂದು ಬಿಳಿ ಬಟ್ಟೆಯ ಮೇಲೆ ಮಲಗಿಸಿದಳು. ಮಗು ಬಾಯಿ ಮುಚ್ಚಿ, ಕಣ್ಣರಳಿಸಿ, ಟಿಕೆಟ್ ಕೇಳುವವಳಂತೆ ಕ್ಯಾಮೆರಾವನ್ನೇ ದಿಟ್ಟಿಸಿತು. ಫೋಟೋಗ್ರಾಫರ್ ಒಂದೇ ಸಲ ಗುಂಡಿ ಒತ್ತಿದ. ಆಮೇಲೆ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡ.

ನೋಂದಣಿ ಕಚೇರಿಯ ಹೆಡ್ ಕ್ಲರ್ಕ್ ಫೋಟೋಗ್ರಾಫರ್ ತಂದ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದರು. "ಕೂಸು ಅಂದ್ರೆ ಹೀಗಿರಬೇಕು ಕಣ್ರೀ. ಉಳಿದವಕ್ಕೆ ಏನು ದಾಡಿ?"

"ಉಳಿದವು ನಿದ್ದೆ ಮಾಡ್ತವೆ ಸಾರ್. ವಾರ್ಡಲ್ಲಿ ಕಾಲಿಡೋಕೂ ಜಾಗ ಇಲ್ಲ."

ಹೆಡ್ ಕ್ಲರ್ಕ್ ನಿಯಮದ ಪುಸ್ತಕ ತೆರೆದರು. "'ಶಿಶುವಿನ ಭಾವಚಿತ್ರ' ಅಂತಿದೆ. ಯಾವ ಶಿಶು ಅಂತ ಇದೆಯಾ?"

"ಇಲ್ಲ ಸಾರ್."

"ಮತ್ತೆ?"

ಫೋಟೋಗ್ರಾಫರನ ಮನಸ್ಸು ಒಪ್ಪಲಿಲ್ಲ. ವಾರ್ಡಿಗೆ ಬಂದರೆ ಕೊನೆಯ ಮಂಚದ ತಾಯಿ, "ಅಣ್ಣಾ, ಇವನು ಮಂಚ ಹಿಡ್ಕೊಂಡು ಎದ್ದು ನಿಲ್ತಾನೆ ಈಗ" ಅಂದಳು. ಅವನು ಅಂದೇ ಆ ಫೋಟೋದ ನಲವತ್ತೊಂದು ಪ್ರತಿ ತೆಗೆದು ಎಲ್ಲರ ಅರ್ಜಿಗೂ ಅಂಟಿಸಿದ. ಎರಡು ದಿನದಲ್ಲಿ ವಾರ್ಡ್ ಖಾಲಿಯಾಯಿತು. 'ನವಜಾತ ಶಿಶುಗಳ ವರ್ತನೆಯಲ್ಲಿ ಗಣನೀಯ ಸುಧಾರಣೆ ಕಂಡುಬಂದಿರುತ್ತದೆ' ಎಂಬ ಪ್ರಕಟಣೆ ಹೊರಬಿತ್ತು. ಅಲ್ಲಿಂದ ಮುಂದೆ ಹುಟ್ಟಿದವರಿಗೆಲ್ಲ ಅದೇ ಫೋಟೋ.

ತಿಂಗಳು ಕಳೆದು ಕಂಡಕ್ಟರಮ್ಮ ಮಗಳನ್ನೆತ್ತಿಕೊಂಡು ಜನನಪತ್ರಕ್ಕೆ ಬಂದಳು.

"ಅಮ್ಮಾ, ಇದು ಬೇರೆ ಇನ್ನೂರ ಹನ್ನೆರಡು ಮಕ್ಕಳ ಫೋಟೋ" ಅಂದರು ಹೆಡ್ ಕ್ಲರ್ಕ್. "ಅವರೆಲ್ಲ ಮೊದಲೇ ಬಂದು ಪತ್ರ ತಗೊಂಡು ಹೋದ್ರು. ನಿಮ್ಮದು ನಕಲು."

"ನಕಲಾ? ಹೆತ್ತೋಳು ನಾನು! ಇದು ಇವಳದೇ ಮುಖ ರೀ!"

ಅವರು ಮಗುವನ್ನು ನೋಡಿದರು, ಫೋಟೋವನ್ನು ನೋಡಿದರು. ತಿಂಗಳಲ್ಲಿ ಮಗುವಿನ ಕೆನ್ನೆ ತುಂಬಿತ್ತು, ಕೂದಲು ಉದುರಿತ್ತು. "ಹೋಲಿಕೆಯೂ ಅಷ್ಟಕ್ಕಷ್ಟೇ" ಅಂದರು.

ಕಂಡಕ್ಟರಮ್ಮ ಸೀದಾ ಆಸ್ಪತ್ರೆಗೆ ಹೋಗಿ ಫೋಟೋಗ್ರಾಫರನ ಮುಂದೆ ನಿಂತಳು. "ಅಣ್ಣಾ, ತೆಗೆದೋರು ನೀವು. ಬಂದು ಹೇಳಿ." ಅವನ ಮುಖ ಸಪ್ಪಗಾಯಿತು. ಅವಳ ಜೊತೆ ಕಚೇರಿಗೆ ಹೊರಟ.

"ಸಾರ್, ಒಂದೇ ಫೋಟೋನ ಎಲ್ಲರಿಗೂ ಅಂಟಿಸಿದ್ದು ನಾನೇ. ತಪ್ಪಾಯ್ತು. ಇವಳೇ ಅಸಲಿ."

"ಹಾಗೆ ಬರೆದುಕೊಂಡ್ರೆ ಇನ್ನೂರ ಹನ್ನೆರಡು ಮಕ್ಕಳು ಹುಟ್ಟೇ ಇಲ್ಲ ಅಂತಾಗುತ್ತೆ. ಎಲ್ಲರನ್ನೂ ವಾಪಸ್ ವಾರ್ಡಿಗೆ ಕರೆಸಲಾ?"

"ಬೇಡ ಸಾರ್."

"ಈ ಮಗುವಿಗೆ ಬೇರೆ ಫೋಟೋ ತನ್ನಿ. ಮೂರು ದಿನದೊಳಗಿಂದೇ ಆಗಬೇಕು."

"ಇವಳಿಗೆ ತಿಂಗಳಾಯ್ತಲ್ಲ ಸಾರ್."

"ಅದಕ್ಕೇ ಹೇಳಿದ್ದು, ಇವಳದು ಬೇಡ."

ಫೋಟೋಗ್ರಾಫರ್ ಹಟ ಹಿಡಿದು ಕೂತ. ಗಂಟಲು ಕಟ್ಟುವವರೆಗೆ ಬೆಕ್ಕಾದ, ಕಾಗೆಯಾದ. ಒಂಬತ್ತನೆಯ ದಿನ ಬಡಗಿಯೊಬ್ಬನ ಮಗ ಕಣ್ಣು ಬಿಟ್ಟ. ಆ ಚಿತ್ರವನ್ನು ಕಂಡಕ್ಟರಮ್ಮನ ಮಗಳ ಅರ್ಜಿಗೆ ಲಗತ್ತಿಸಲಾಯಿತು. ಬಡಗಿಯ ಮಗನ ಅರ್ಜಿಗೆ ಎಂದಿನಂತೆ ಕಂಡಕ್ಟರಮ್ಮನ ಮಗಳ ಚಿತ್ರ ಅಂಟಿಸಲಾಯಿತು. ಎರಡೂ ಅರ್ಜಿ ಕ್ರಮಬದ್ಧವಾಗಿದ್ದವು.

ಜನನಪತ್ರ ಕೊಡಲು ಫೋಟೋಗ್ರಾಫರ್ ತಾನೇ ಕಂಡಕ್ಟರಮ್ಮನ ಮನೆಗೆ ಹೋದ. ಅವಳು ಪತ್ರವನ್ನು ಎರಡೆರಡು ಸಲ ಓದಿ, ಉಸಿರುಬಿಟ್ಟು, ಅತ್ತೆಯ ಕೈಗಿತ್ತಳು.

"ಹುಟ್ಟಿದಾಗ ಥೇಟ್ ಹೀಗೇ ಇದ್ಲು" ಅಂತ ಅಜ್ಜಿ ಪತ್ರದಲ್ಲಿದ್ದ ಫೋಟೋದ ಮೇಲೆ ಬೆರಳಾಡಿಸಿದಳು. "ಮೂಗಂತೂ ನನ್ನ ಮಗಂದೇ. ಅಲ್ವೇನಪ್ಪಾ?"

ಫೋಟೋಗ್ರಾಫರ್ ಚಿತ್ರ ನೋಡಿದ, ತೊಟ್ಟಿಲು ನೋಡಿದ, ಬಾಗಿಲಲ್ಲಿ ನಿಂತಿದ್ದ ಅಪ್ಪನ ಮೂಗು ನೋಡಿದ.

"ಕಿವೀನೂ ಅವರದೇ ಅಮ್ಮ" ಅಂದ.